ಗಾಳಿ, ಮಳೆ, ಬಿಸಿಲಿಗೆ ಅಳತೆಗೋಲು ಕೊಟ್ಟ ಅನ್ನಾ ಮಣಿ



ಗದಗಿನಿಂದ ಮುಂಡರಗಿಗೆ ಬಸ್ಸಿನಲ್ಲಿ ಹೋಗುವಾಗ ಕಪ್ಪತಗುಡ್ಡದ ಕಡೆ ನೋಡಿದ್ದೀರಾ? ಗುಡ್ಡದ ನೆತ್ತಿಯ ಮೇಲೆ ಎತ್ತರದ ಕಂಬಗಳು. ಪ್ರತಿ ಕಂಬದ ತುದಿಯಲ್ಲಿ ಮೂರು ಉದ್ದನೆಯ ರೆಕ್ಕೆಗಳು. ಗಾಳಿ ಬೀಸಿದರೆ ರೆಕ್ಕೆಗಳು ತಿರುಗುತ್ತವೆ, ವಿದ್ಯುತ್ ಹುಟ್ಟುತ್ತದೆ. ಇವು ಗಾಳಿಯಂತ್ರಗಳು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಮಕ್ಕಳಿಗೆ ಇವು ಹೊಸತೇನಲ್ಲ.

ಈಗ ಒಂದು ಪ್ರಶ್ನೆ. ಗಾಳಿ ಎಲ್ಲ ಊರಲ್ಲೂ ಬೀಸುತ್ತದೆ. ಆದರೂ ಗಾಳಿಯಂತ್ರಗಳನ್ನು ಎಲ್ಲ ಊರಲ್ಲೂ ನಿಲ್ಲಿಸಿಲ್ಲ, ಏಕೆ? ಒಂದು ಯಂತ್ರ ನಿಲ್ಲಿಸಲು ಕೋಟಿಗಟ್ಟಲೆ ಹಣ ಬೇಕು. ನಿಲ್ಲಿಸಿದ ಮೇಲೆ ಗಾಳಿ ಸಾಲದು ಎಂದು ಗೊತ್ತಾದರೆ ಅಷ್ಟೂ ಹಣ ಹಾಳು. ಆದ್ದರಿಂದ ಮೊದಲೇ ಗಾಳಿಯನ್ನು ಅಳೆಯಬೇಕು. ಅದೂ ಒಂದು ದಿನವಲ್ಲ, ವರ್ಷವಿಡೀ ಅಳೆಯಬೇಕು.

ನಮ್ಮ ದೇಶದಲ್ಲಿ ಗಾಳಿಯ ಇಂಥ ಲೆಕ್ಕವನ್ನು ಒಟ್ಟುಗೂಡಿಸಿ ಪುಸ್ತಕ ಮಾಡಿಕೊಟ್ಟವರು ಒಬ್ಬ ಮಹಿಳಾ ವಿಜ್ಞಾನಿ. ಅವರೇ ಅನ್ನಾ ಮಣಿ. ಗಾಳಿಯಷ್ಟೇ ಅಲ್ಲ, ಮಳೆ, ಬಿಸಿಲು, ಆಕಾಶದ ಓಝೋನ್ ಎಲ್ಲವನ್ನೂ ಸರಿಯಾಗಿ ಅಳೆಯುವುದನ್ನೇ ಅವರು ಜೀವನದ ಕೆಲಸ ಮಾಡಿಕೊಂಡರು. ಅವರ ಕಥೆಯನ್ನು ತಿಳಿಯೋಣ ಬನ್ನಿ.

ವಜ್ರದ ಓಲೆ ಬೇಡ, ಪುಸ್ತಕ ಬೇಕು

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಪೀರುಮೇಡು ಎಂಬ ಊರಿನಲ್ಲಿ. ಆಗ ಅದು ತಿರುವಾಂಕೂರು ಸಂಸ್ಥಾನದಲ್ಲಿತ್ತು, ಈಗ ಕೇರಳ ರಾಜ್ಯದಲ್ಲಿದೆ. ತಂದೆ ಎಂಜಿನಿಯರ್. ಅವರಿಗೆ ಏಲಕ್ಕಿ ತೋಟಗಳಿದ್ದವು. ಎಂಟು ಮಕ್ಕಳಲ್ಲಿ ಅನ್ನಾ ಏಳನೆಯವರು.

ಆ ಕಾಲದ ಶ್ರೀಮಂತ ಮನೆಗಳಲ್ಲಿ ಗಂಡುಮಕ್ಕಳನ್ನು ದೊಡ್ಡ ಹುದ್ದೆಗಾಗಿ ಓದಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಮದುವೆಯೇ ಗುರಿ ಎಂದು ಭಾವಿಸುತ್ತಿದ್ದರು. ಆದರೆ ಅನ್ನಾಗೆ ಪುಸ್ತಕದ ಹುಚ್ಚು. ಎಂಟು ವರ್ಷವಾಗುವಷ್ಟರಲ್ಲಿ ಊರಿನ ಗ್ರಂಥಾಲಯದಲ್ಲಿದ್ದ ಮಲಯಾಳಂ ಪುಸ್ತಕಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಓದಿ ಮುಗಿಸಿದ್ದರಂತೆ.

ಮಗಳ ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಕಿವಿಯೋಲೆ ಕೊಡುವುದು ಆ ಮನೆಯ ರೂಢಿ. ಅನ್ನಾ ಅದನ್ನು ಒಲ್ಲೆ ಎಂದರು. ಅದರ ಬದಲು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಎಂಬ ವಿಶ್ವಕೋಶ ಕೊಡಿಸಿ ಎಂದು ಕೇಳಿದರು. ಎಂಟು ವರ್ಷದ ಹುಡುಗಿ ಒಡವೆ ಬಿಟ್ಟು ಪುಸ್ತಕ ಆರಿಸಿಕೊಂಡಳು! ನೀವಾಗಿದ್ದರೆ ಏನು ಕೇಳುತ್ತಿದ್ದಿರಿ?

ಅದೇ ದಿನಗಳಲ್ಲಿ, 1925ರಲ್ಲಿ, ಗಾಂಧೀಜಿಯವರು ವೈಕಂ ಎಂಬ ಊರಿಗೆ ಬಂದರು. ಅಲ್ಲಿನ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಎಲ್ಲ ಜಾತಿಯ ಜನರೂ ಓಡಾಡಬೇಕು ಎಂದು ಸತ್ಯಾಗ್ರಹ ನಡೆಯುತ್ತಿತ್ತು. ಗಾಂಧೀಜಿಯವರ ವಿಚಾರಗಳು ಬಾಲಕಿ ಅನ್ನಾಳ ಮನಸ್ಸಿನಲ್ಲಿ ಆಳವಾಗಿ ಬೇರೂರಿದವು. ಮುಂದೆ ಅವರು ಖಾದಿ ಉಡತೊಡಗಿದರು. ನಮ್ಮ ದೇಶಕ್ಕೆ ಬೇಕಾದ್ದನ್ನು ನಾವೇ ಮಾಡಿಕೊಳ್ಳಬೇಕು ಎಂಬ ಆ ಪಾಠ ಅವರ ವಿಜ್ಞಾನದ ಕೆಲಸದಲ್ಲೂ ಕಾಣಿಸಿಕೊಂಡಿತು. ಹೇಗೆ ಎಂಬುದನ್ನು ಮುಂದೆ ನೋಡೋಣ.

ಬೆಂಗಳೂರಿನಲ್ಲಿ ವಜ್ರಗಳ ಜೊತೆ

ಅನ್ನಾ ಮಣಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ 1939ರಲ್ಲಿ ಭೌತವಿಜ್ಞಾನದ ಆನರ್ಸ್ ಪದವಿ ಪಡೆದರು. 1940ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಜನ ಪ್ರೀತಿಯಿಂದ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಾರಲ್ಲ, ಅದೇ ಸಂಸ್ಥೆ. ಅಲ್ಲಿ ಅವರಿಗೆ ಮಾರ್ಗದರ್ಶಕರಾದವರು ನೊಬೆಲ್ ಪ್ರಶಸ್ತಿ ಪಡೆದಿದ್ದ ಸರ್ ಸಿ.ವಿ. ರಾಮನ್.

ರಾಮನ್ ಅವರಿಗೆ ಆಗ ವಜ್ರಗಳ ಮೇಲೆ ಬಹಳ ಕುತೂಹಲ. ಓಲೆಗಾಗಿ ವಜ್ರ ಬೇಡವೆಂದ ಹುಡುಗಿಗೆ ಈಗ ಪ್ರಯೋಗಾಲಯದಲ್ಲಿ ವಜ್ರಗಳೇ ಎದುರಾದವು! ವಜ್ರದ ಮೇಲೆ ಬೆಳಕು ಬಿದ್ದಾಗ ಅದು ತಾನೂ ಮಂದವಾಗಿ ಬೆಳಗುತ್ತದೆ. ಆ ಬೆಳಕಿನಲ್ಲಿ ಯಾವ ಯಾವ ಬಣ್ಣಗಳಿವೆ ಎಂಬುದನ್ನು ಅನ್ನಾ ಮಣಿ ಅಳೆಯಬೇಕಿತ್ತು. ವಜ್ರವನ್ನು ತೀರಾ ತಣ್ಣಗೆ ಇಟ್ಟು, ಅದರ ಬೆಳಕನ್ನು ಛಾಯಾಚಿತ್ರದ ಗಾಜಿನ ಫಲಕದ ಮೇಲೆ ಮೂಡಿಸಬೇಕು. ಬೆಳಕು ಎಷ್ಟು ಮಂದವೆಂದರೆ, ಒಂದು ಚಿತ್ರ ಮೂಡಲು 15ರಿಂದ 20 ಗಂಟೆ ಬೇಕಾಗುತ್ತಿತ್ತು. ಅನ್ನಾ ಮಣಿ ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು.

ಹೀಗೆ 30ಕ್ಕೂ ಹೆಚ್ಚು ವಜ್ರಗಳನ್ನು ಪರೀಕ್ಷಿಸಿದರು. ಮಾಣಿಕ್ಯವನ್ನೂ ಪರೀಕ್ಷಿಸಿದರು. 1942ರಿಂದ 1945ರ ಒಳಗೆ ಐದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು.

ಸಿಗದ ಡಾಕ್ಟರೇಟ್

1945ರಲ್ಲಿ ಅನ್ನಾ ಮಣಿ ತಮ್ಮ ಕೆಲಸವನ್ನೆಲ್ಲ ಒಂದು ಪ್ರಬಂಧವಾಗಿ ಬರೆದು ಡಾಕ್ಟರೇಟ್ ಪದವಿಗಾಗಿ ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಅವರು ಎಂ.ಎಸ್‌ಸಿ. ಓದಿಲ್ಲ ಎಂಬುದೇ ಅದಕ್ಕೆ ಕೊಟ್ಟ ಕಾರಣ. ಆನರ್ಸ್ ಪದವಿಯಲ್ಲಿ ಅವರು ತೇರ್ಗಡೆಯಾಗಿದ್ದರು, ಐದು ಲೇಖನಗಳು ಅಚ್ಚಾಗಿದ್ದವು, ಸಂಶೋಧನೆ ಮಾಡಲೆಂದೇ ವಿದ್ಯಾರ್ಥಿವೇತನ ಪಡೆದು ಬಂದಿದ್ದರು. ಅದಾವುದೂ ಲೆಕ್ಕಕ್ಕೆ ಬರಲಿಲ್ಲ.

ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ. ಡಾಕ್ಟರೇಟ್ ಸಿಕ್ಕ ಇತರ ಪ್ರಬಂಧಗಳ ಹಾಗೆಯೇ ಅದಕ್ಕೂ ರಟ್ಟು ಹಾಕಲಾಗಿದೆ. ಅನ್ನಾ ಮಣಿ ಮಾತ್ರ ಇದರಿಂದ ಎದೆಗುಂದಲಿಲ್ಲ. ಪದವಿ ಸಿಗದಿದ್ದರೂ ಕಲಿತ ವಿದ್ಯೆ ತಮ್ಮ ಬಳಿಯೇ ಇದೆಯಲ್ಲ ಎಂದುಕೊಂಡು ಮುಂದೆ ನಡೆದರು.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಭೌತವಿಜ್ಞಾನದಲ್ಲಿ ಸಂಶೋಧನೆ ಮುಂದುವರಿಸುವ ಆಸೆ ಅವರದು. ಆದರೆ ಅಲ್ಲಿ ಸಿಕ್ಕ ಅವಕಾಶ ಹವಾಮಾನ ಅಳೆಯುವ ಉಪಕರಣಗಳ ತರಬೇತಿ ಮಾತ್ರ. ಅನ್ನಾ ಮಣಿ ಅದನ್ನೇ ಮನಸ್ಸಿಟ್ಟು ಕಲಿತರು. ಅವರ ಜೀವನದ ದಾರಿ ಬದಲಾಗಿದ್ದು ಅಲ್ಲಿಂದಲೇ.

ಪುಣೆಯ ಕಾರ್ಯಾಗಾರ

1948ರಲ್ಲಿ ಅವರು ಹಿಂತಿರುಗಿದಾಗ ದೇಶ ಸ್ವತಂತ್ರವಾಗಿತ್ತು. ಪುಣೆಯಲ್ಲಿದ್ದ ಭಾರತ ಹವಾಮಾನ ಇಲಾಖೆಯ ಉಪಕರಣ ವಿಭಾಗಕ್ಕೆ ಸೇರಿದರು. ಆಗಿನ ಸ್ಥಿತಿ ಹೇಗಿತ್ತು ಗೊತ್ತೇ? ತಾಪಮಾಪಕ, ವಾಯುಭಾರಮಾಪಕದಂಥ ಸರಳ ಉಪಕರಣಗಳೂ ವಿದೇಶದಿಂದ ಬರಬೇಕಿತ್ತು. ಒಂದು ಕೆಟ್ಟರೆ ಇನ್ನೊಂದು ಹಡಗಿನಲ್ಲಿ ಬರುವವರೆಗೆ ಕಾಯಬೇಕು.

ಖಾದಿ ಉಟ್ಟ ಅನ್ನಾ ಮಣಿಗೆ ಇದು ಒಪ್ಪಿಗೆಯಾಗಲಿಲ್ಲ. ಇಲಾಖೆಯ ಹಿರಿಯರಾದ ಎಸ್.ಪಿ. ವೆಂಕಟೇಶ್ವರನ್ ಅವರಿಗೂ ಉಪಕರಣಗಳು ಇಲ್ಲೇ ತಯಾರಾಗಬೇಕು ಎಂಬ ಹಂಬಲವಿತ್ತು. ಕಾರ್ಯಾಗಾರ ಬೆಳೆಯಿತು. 1953ರ ಹೊತ್ತಿಗೆ ಅನ್ನಾ ಮಣಿ ಆ ವಿಭಾಗದ ಮುಖ್ಯಸ್ಥೆಯಾದರು. ಅವರ ಕೈಕೆಳಗೆ 121 ಮಂದಿ ಕೆಲಸ ಮಾಡುತ್ತಿದ್ದರು, ಎಲ್ಲರೂ ಗಂಡಸರು! ಸುಮಾರು 100 ಉಪಕರಣಗಳ ನಕ್ಷೆಗಳನ್ನು ಅವರು ಸಿದ್ಧಪಡಿಸಿ, ಎಲ್ಲ ಕಡೆ ಒಂದೇ ಅಳತೆಯಲ್ಲಿ ತಯಾರಾಗುವಂತೆ ಮಾಡಿದರು.

ತಪ್ಪು ತಕ್ಕಡಿ ಇದ್ದರೆ ಏನಾಗುತ್ತದೆ?

ಉಪಕರಣ ತಯಾರಿಸಿದರೆ ಸಾಲದು, ಅದು ಸರಿಯಾಗಿ ಅಳೆಯಬೇಕು. ಒಂದು ಉದಾಹರಣೆ ನೋಡಿ. ನಿಮ್ಮ ಮನೆಯವರು ಶೇಂಗಾವನ್ನೋ ಒಣಮೆಣಸಿನಕಾಯಿಯನ್ನೋ ಗದಗಿನ ಮಾರುಕಟ್ಟೆಗೆ ಒಯ್ಯುತ್ತಾರೆ. ತಕ್ಕಡಿಯೇ ತಪ್ಪಾಗಿದ್ದರೆ? ಇಡೀ ವರ್ಷದ ದುಡಿಮೆಗೆ ನಷ್ಟ. ಅದಕ್ಕಾಗಿಯೇ ತೂಕದ ಕಲ್ಲುಗಳನ್ನೂ ತಕ್ಕಡಿಗಳನ್ನೂ ಸರ್ಕಾರದವರು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ.

ಹವಾಮಾನದ ಉಪಕರಣವೂ ಒಂದು ತಕ್ಕಡಿಯೇ. ಲಕ್ಷ್ಮೇಶ್ವರದ ಮಳೆಮಾಪಕವೂ ಮಂಗಳೂರಿನ ಮಳೆಮಾಪಕವೂ ಒಂದೇ ರೀತಿ ಅಳೆದರೆ ಮಾತ್ರ ಎರಡು ಊರುಗಳ ಮಳೆಯನ್ನು ಹೋಲಿಸಬಹುದು. ಆದ್ದರಿಂದ ಪ್ರತಿ ಉಪಕರಣವನ್ನೂ ಒಂದು ಪ್ರಮಾಣ ಉಪಕರಣದ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು. ವ್ಯತ್ಯಾಸವಿದ್ದರೆ ತಿದ್ದಬೇಕು. ಈ ವಿಷಯದಲ್ಲಿ ಅನ್ನಾ ಮಣಿ ಬಹಳ ಕಟ್ಟುನಿಟ್ಟು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಎಂದು ಅವರು ನಂಬಿದ್ದರು. ಅಳತೆ ಇಲ್ಲದಿದ್ದರೆ ನಮಗೆ ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ. ತಪ್ಪು ಅಳತೆ ಇದ್ದರೆ ಗೊತ್ತಿದೆ ಎಂದು ನಂಬಿ ಮೋಸ ಹೋಗುತ್ತೇವೆ.

ಮಳೆಯ ಲೆಕ್ಕ ತೆಗೆದುಕೊಳ್ಳಿ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅಂದರೆ 1 ಮಿಲಿಮೀಟರ್ ಮಳೆಗೆ ಒಂದು ಎಕರೆಯಲ್ಲಿ ಸುಮಾರು 4,000 ಲೀಟರ್ ನೀರು! ಮಳೆಮಾಪಕ ಬರೀ 5 ಮಿಲಿಮೀಟರ್ ತಪ್ಪು ತೋರಿಸಿದರೂ ಎಕರೆಗೆ 20,000 ಲೀಟರ್‌ಗಳಷ್ಟು ಲೆಕ್ಕ ತಪ್ಪುತ್ತದೆ. ಮುಂಡರಗಿಯಂಥ ಕಡಿಮೆ ಮಳೆಯ ತಾಲ್ಲೂಕಿನಲ್ಲಿ ಇದು ಸಣ್ಣ ಮಾತಲ್ಲ. ತಾಲ್ಲೂಕಿಗೆ ಬರ ಬಂದಿದೆ ಎಂದು ಸಾರುವ ಮೊದಲು ಸರ್ಕಾರ ನೋಡುವ ಲೆಕ್ಕಗಳಲ್ಲಿ ಮಳೆಯ ಲೆಕ್ಕ ಮುಖ್ಯವಾದದ್ದು.

ಬಿಸಿಲು, ಓಝೋನ್, ರಾಕೆಟ್

1957-58ನ್ನು ಜಗತ್ತಿನ ವಿಜ್ಞಾನಿಗಳು ಅಂತರರಾಷ್ಟ್ರೀಯ ಭೂಭೌತ ವರ್ಷ ಎಂದು ಆಚರಿಸಿದರು. ಭೂಮಿ, ಸಾಗರ, ವಾಯುಮಂಡಲಗಳನ್ನು ಎಲ್ಲ ದೇಶಗಳೂ ಒಟ್ಟಿಗೆ ಅಳೆಯುವ ಯೋಜನೆ ಅದು. ಆಗ ಅನ್ನಾ ಮಣಿ ಭಾರತದಲ್ಲಿ ಸೂರ್ಯನ ವಿಕಿರಣ ಅಳೆಯುವ ಕೇಂದ್ರಗಳ ಜಾಲವನ್ನು ಕಟ್ಟಿದರು. ನೆಲಕ್ಕೆ ಬೀಳುವ ಬಿಸಿಲಿನ ಶಕ್ತಿ ಎಷ್ಟು, ಯಾವ ತಿಂಗಳು ಹೆಚ್ಚು, ಯಾವ ಊರಲ್ಲಿ ಕಡಿಮೆ ಎಂಬ ಲೆಕ್ಕ ಇದರಿಂದ ಸಿಗತೊಡಗಿತು.

1960ರ ದಶಕದಲ್ಲಿ ಅವರ ಗಮನ ಓಝೋನ್ ಕಡೆಗೆ ಹರಿಯಿತು. ನೆಲದಿಂದ ಬಹಳ ಎತ್ತರದಲ್ಲಿರುವ ಓಝೋನ್ ಅನಿಲ ಸೂರ್ಯನ ಅಪಾಯಕಾರಿ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಅದನ್ನು ಅಳೆಯಲು ಅಷ್ಟು ಎತ್ತರಕ್ಕೆ ಹೋಗುವವರು ಯಾರು? ಬಲೂನು! ಹಗುರ ಅನಿಲ ತುಂಬಿದ ದೊಡ್ಡ ಬಲೂನಿಗೆ ಒಂದು ಪುಟ್ಟ ಉಪಕರಣ ಕಟ್ಟಿ ಹಾರಿಬಿಡುತ್ತಾರೆ. ಮೇಲೇರುತ್ತ ಅದು ಓಝೋನ್ ಪ್ರಮಾಣವನ್ನು ಅಳೆದು ರೇಡಿಯೋ ಮೂಲಕ ಕೆಳಗೆ ತಿಳಿಸುತ್ತದೆ. ಇದಕ್ಕೆ ಓಝೋನ್‌ಸಾಂಡ್ ಎಂದು ಹೆಸರು. ಆಗ ಕೆಲವೇ ದೇಶಗಳಲ್ಲಿ ತಯಾರಾಗುತ್ತಿದ್ದ ಈ ಉಪಕರಣವನ್ನು ಅನ್ನಾ ಮಣಿ ಮತ್ತು ಅವರ ಜೊತೆಗಾರರು ಭಾರತದಲ್ಲೇ ತಯಾರಿಸಿದರು.

1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ಭಾರತದ ನೆಲದ ಮೊದಲ ರಾಕೆಟ್ ಹಾರಿತು. ರಾಕೆಟ್ ಹಾರಿಸುವ ಮೊದಲು ಗಾಳಿಯ ವೇಗ, ದಿಕ್ಕು ತಿಳಿದಿರಬೇಕಲ್ಲವೇ? ವಿಕ್ರಮ್ ಸಾರಾಭಾಯಿ ಅವರ ಕೋರಿಕೆಯ ಮೇರೆಗೆ ಅಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳ ಗೋಪುರವನ್ನೂ ಸ್ಥಾಪಿಸಿದವರು ಅನ್ನಾ ಮಣಿಯೇ. 1969ರಲ್ಲಿ ಅವರು ದೆಹಲಿಗೆ ವರ್ಗವಾದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರ ಹುದ್ದೆಯಿಂದ ನಿವೃತ್ತರಾದರು.

ನಿವೃತ್ತಿಯ ನಂತರ ಗಾಳಿಯ ಬೆನ್ನು ಹತ್ತಿ

ನಿವೃತ್ತಿ ಎಂದರೆ ವಿಶ್ರಾಂತಿ ಎಂದುಕೊಂಡಿರಾ? ಅನ್ನಾ ಮಣಿ ಮತ್ತೆ ಬೆಂಗಳೂರಿಗೆ ಬಂದರು. ಮೂರು ವರ್ಷ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಗಾಳಿಯ ವೇಗ ಮತ್ತು ಬಿಸಿಲಿನ ಶಕ್ತಿ ಅಳೆಯುವ ಉಪಕರಣಗಳನ್ನು ತಯಾರಿಸಲು ಬೆಂಗಳೂರಿನಲ್ಲಿ ಒಂದು ಸಣ್ಣ ಕಾರ್ಖಾನೆಯನ್ನೂ ತೆರೆದರು.

1970ರ ದಶಕದಲ್ಲಿ ಜಗತ್ತಿನಲ್ಲಿ ತೈಲದ ಬೆಲೆ ಒಮ್ಮೆಲೇ ಏರಿತ್ತು. ಕಲ್ಲಿದ್ದಲು, ತೈಲ ಎಂದಾದರೂ ಮುಗಿಯುತ್ತವೆ. ಮುಗಿಯದ ಶಕ್ತಿ ಯಾವುದು? ಬಿಸಿಲು ಮತ್ತು ಗಾಳಿ. ಆದರೆ ಅವು ಎಲ್ಲಿ ಎಷ್ಟಿವೆ ಎಂಬ ಲೆಕ್ಕ ಬೇಕಲ್ಲ! ಅನ್ನಾ ಮಣಿ ತಮ್ಮ ಜೊತೆಗಾರರೊಂದಿಗೆ 1980ರ ದಶಕದ ಆರಂಭದಲ್ಲಿ ಭಾರತದ ಸೌರ ವಿಕಿರಣದ ಬಗ್ಗೆ ಎರಡು ದೊಡ್ಡ ಪುಸ್ತಕಗಳನ್ನು ಹೊರತಂದರು. 1983ರಲ್ಲಿ ಡಿ.ಎ. ಮೂಲೆ ಅವರೊಂದಿಗೆ ಭಾರತದ ಪವನ ಶಕ್ತಿಯ ಅಂಕಿಅಂಶಗಳ ಪುಸ್ತಕವನ್ನು ಪ್ರಕಟಿಸಿದರು. ಆಮೇಲೆ ದೇಶದ ನಾನಾ ಕಡೆ ಗಾಳಿ ಅಳೆಯುವ ಕಂಬಗಳನ್ನು ನಿಲ್ಲಿಸಿ ನಡೆಸಿದ ಸಮೀಕ್ಷೆಯ ಮುಂದಾಳತ್ವವನ್ನೂ ವಹಿಸಿದರು.

ಗಾಳಿಯನ್ನು ಇಷ್ಟು ಎಚ್ಚರಿಕೆಯಿಂದ ಏಕೆ ಅಳೆಯಬೇಕು? ಇಲ್ಲೊಂದು ಸ್ವಾರಸ್ಯವಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ! ಏಕೆಂದರೆ ಶಕ್ತಿಯು ವೇಗದ ಘನವನ್ನು ಅವಲಂಬಿಸಿದೆ. 2 × 2 × 2 = 8. ಈಗ ಒಂದು ಗುಡ್ಡದ ಮೇಲೆ ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ ಇದೆ ಎಂದುಕೊಳ್ಳಿ. ತಪ್ಪು ಉಪಕರಣ ಅದನ್ನು 6 ಎಂದು ತೋರಿಸಿತು. ಬರೀ 1ರ ವ್ಯತ್ಯಾಸ! ಆದರೆ ಘನ ಮಾಡಿ ನೋಡಿ. 5 × 5 × 5 = 125. 6 × 6 × 6 = 216. ಇರುವ ಶಕ್ತಿಯ ಸುಮಾರು ಒಂದೂಮುಕ್ಕಾಲು ಪಟ್ಟು ಶಕ್ತಿ ಇದೆ ಎಂದು ನಂಬಿ ಯಂತ್ರ ನಿಲ್ಲಿಸಿದರೆ ನಷ್ಟವಾಗದೆ ಇರುತ್ತದೆಯೇ?

ಅಳತೆಯ ಮೇಲೆ ಅನ್ನಾ ಮಣಿ ಅಷ್ಟು ಹಟ ಹಿಡಿದದ್ದು ಏಕೆ ಎಂದು ಈಗ ತಿಳಿಯಿತಲ್ಲ!

ಮೋಡ ಬಿತ್ತನೆಗೂ ಅಳತೆ ಬೇಕು

ನೀವು ಮೋಡ ಬಿತ್ತನೆ ಎಂಬ ಮಾತು ಕೇಳಿರಬಹುದು. ಮಳೆ ಕೈಕೊಟ್ಟಾಗ ವಿಮಾನದಿಂದ ಮೋಡದೊಳಗೆ ಸಿಲ್ವರ್ ಅಯೋಡೈಡ್‌ನಂಥ ಲವಣದ ಸಣ್ಣ ಕಣಗಳನ್ನು ಸಿಂಪಡಿಸುತ್ತಾರೆ. ಮೋಡದಲ್ಲಿರುವ ತೀರಾ ತಣ್ಣಗಿನ ನೀರ ಹನಿಗಳು ಆ ಕಣಗಳ ಸುತ್ತ ಹಿಮದ ಹರಳಾಗಿ ಬೆಳೆದು, ಭಾರವಾಗಿ, ಕೆಳಗೆ ಬೀಳುವಾಗ ಕರಗಿ ಮಳೆಯಾಗಲಿ ಎಂಬುದು ಇದರ ಉದ್ದೇಶ. ನಮ್ಮ ರಾಜ್ಯದಲ್ಲಿ 2003ರಲ್ಲಿ ವರುಣ ಎಂಬ ಹೆಸರಿನಲ್ಲಿ, 2017ರಲ್ಲಿ ವರ್ಷಧಾರಿ ಎಂಬ ಹೆಸರಿನಲ್ಲಿ ಮೋಡ ಬಿತ್ತನೆ ನಡೆಯಿತು. 2017ರಲ್ಲಿ ಮೋಡಗಳನ್ನು ಗುರುತಿಸುವ ರೇಡಾರ್‌ಗಳಲ್ಲಿ ಒಂದನ್ನು ಗದಗಿನಲ್ಲೇ ಇಡಲಾಗಿತ್ತು.

ಅನ್ನಾ ಮಣಿ ಮೋಡ ಬಿತ್ತನೆ ಮಾಡಿದವರಲ್ಲ. ಆದರೆ ಅವರು ಕಲಿಸಿದ ಪಾಠ ಇಲ್ಲಿಯೂ ಬೇಕು. ಎರಿ ಭೂಮಿಯಲ್ಲಿ ಹಸಿ ಎಷ್ಟಿದೆ ಎಂದು ನೋಡದೆ ನಿಮ್ಮ ಅಪ್ಪ ಕೂರಿಗೆ ಹೂಡುತ್ತಾರೆಯೇ? ಇಲ್ಲ. ಹಾಗೆಯೇ ಮೋಡದಲ್ಲಿ ನೀರೆಷ್ಟಿದೆ, ತಂಪೆಷ್ಟಿದೆ ಎಂದು ಅಳೆಯದೆ ಬಿತ್ತುವಂತಿಲ್ಲ. ಮೋಡವೇ ಇಲ್ಲದ ಆಕಾಶದಲ್ಲಿ ಬಿತ್ತಿ ಫಲವಿಲ್ಲ. ಬಿತ್ತಿದ ಮೇಲೆ ಮಳೆ ಬಂತು ಎನ್ನಿ. ಅದು ಬಿತ್ತಿದ್ದರಿಂದ ಬಂದದ್ದೋ ಅಥವಾ ಹೇಗೂ ಬರುತ್ತಿತ್ತೋ? ಇದನ್ನು ಹೇಳುವುದು ಬಹಳ ಕಷ್ಟ. ಬಿತ್ತಿದ ಮೋಡಗಳನ್ನೂ ಬಿತ್ತದ ಮೋಡಗಳನ್ನೂ ಹಲವು ಸಲ ಅಳೆದು ಹೋಲಿಸಿದರೆ ಮಾತ್ರ ಉತ್ತರ ಸಿಕ್ಕೀತು.

ಕೊನೆಯ ದಿನಗಳು

ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು 1987ರಲ್ಲಿ ಅನ್ನಾ ಮಣಿಯವರಿಗೆ ಕೆ.ಆರ್. ರಾಮನಾಥನ್ ಪದಕ ನೀಡಿ ಗೌರವಿಸಿತು. ಅವರು ಮದುವೆಯಾಗಲಿಲ್ಲ. ಪುಸ್ತಕ, ಸಂಗೀತ, ಕಾಡು, ಹಕ್ಕಿಗಳೆಂದರೆ ಅವರಿಗೆ ಬಲು ಪ್ರೀತಿ. 1994ರಲ್ಲಿ ಪಾರ್ಶ್ವವಾಯು ಬಡಿದು ನಡೆದಾಡಲು ಕಷ್ಟವಾಯಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.

ಡಾಕ್ಟರೇಟ್ ಪದವಿ ಅವರಿಗೆ ಕೊನೆಗೂ ಸಿಗಲಿಲ್ಲ. ಆದರೆ ಅವರು ಕೂಡಿಸಿಟ್ಟ ಅಂಕಿಅಂಶಗಳನ್ನು ಅಭ್ಯಾಸ ಮಾಡಿ ಬಿಸಿಲು ಮತ್ತು ಗಾಳಿಯಿಂದ ವಿದ್ಯುತ್ ಪಡೆಯುವ ಕೆಲಸಕ್ಕೆ ಇಳಿದವರು ಎಷ್ಟೋ ಮಂದಿ. ಯಾರೋ ಒಂದು ಬಾಗಿಲು ಮುಚ್ಚಿದರೆಂದು ಅನ್ನಾ ಮಣಿ ಕಲಿಯುವುದನ್ನು ನಿಲ್ಲಿಸಲಿಲ್ಲ. ಇದನ್ನು ನೀವು, ಅದರಲ್ಲೂ ಹೆಣ್ಣುಮಕ್ಕಳು, ನೆನಪಿನಲ್ಲಿಡಬೇಕು.

ನೀವೂ ಮಾಡಿ ನೋಡಿ: ಶಾಲೆಯ ಮಳೆಮಾಪಕ

ಬೇಕಾಗುವ ವಸ್ತುಗಳು: ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ತಳ ಚಪ್ಪಟೆಯಾಗಿರುವ ಪಾರದರ್ಶಕ ಡಬ್ಬಿ, ಅಳತೆಪಟ್ಟಿ, ಒಂದು ನೋಟ್‌ಬುಕ್.

1. ಡಬ್ಬಿಯನ್ನು ಶಾಲೆಯ ಬಯಲಿನಲ್ಲಿ ಮಟ್ಟವಾಗಿ ಇಡಿ. ಗಾಳಿಗೆ ಉರುಳದಂತೆ ಸುತ್ತ ಕಲ್ಲು ಜೋಡಿಸಿ. ಗಿಡ, ಗೋಡೆಗಳು ಹತ್ತಿರ ಇರಬಾರದು. ಗೋಡೆ 3 ಮೀಟರ್ ಎತ್ತರವಿದ್ದರೆ ಡಬ್ಬಿ ಕನಿಷ್ಠ 6 ಮೀಟರ್ ದೂರವಿರಲಿ.
2. ಪ್ರತಿದಿನ ಬೆಳಿಗ್ಗೆ 8:30ಕ್ಕೆ ನೀರಿನ ಎತ್ತರವನ್ನು ಮಿಲಿಮೀಟರ್‌ಗಳಲ್ಲಿ ಅಳೆಯಿರಿ. ಹವಾಮಾನ ಇಲಾಖೆಯೂ ಮಳೆ ಅಳೆಯುವುದು ಇದೇ ಹೊತ್ತಿಗೆ.
3. ದಿನಾಂಕದ ಜೊತೆ ಬರೆದಿಟ್ಟು, ನೀರು ಚೆಲ್ಲಿ ಡಬ್ಬಿಯನ್ನು ಮತ್ತೆ ಅಲ್ಲೇ ಇಡಿ.
4. ಮಳೆ ಬಾರದ ದಿನ 0 ಎಂದು ಬರೆಯಿರಿ. ಅಳೆಯಲು ಮರೆತ ದಿನ 0 ಬರೆಯಬೇಡಿ, ಅಳೆದಿಲ್ಲ ಎಂದೇ ಬರೆಯಿರಿ. ಊಹಿಸಿ ಬರೆಯುವುದಂತೂ ಬೇಡವೇ ಬೇಡ!

ಯೋಚಿಸಿ: ಅಗಲ ಡಬ್ಬಿಯನ್ನೂ ಕಿರಿದಾದ ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟರೆ ಎರಡರಲ್ಲೂ ನೀರಿನ ಎತ್ತರ ಒಂದೇ ಇರುತ್ತದೆಯೇ? ಮಾಡಿ ನೋಡಿ, ಕಾರಣವನ್ನು ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.